ಶ್ರೀರಂಗಪಟ್ಟಣ ಸೀಮೆಯಲ್ಲಿ ಸರ್ಕಾರದ ಗೃಹಾಶ್ರಯ

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲವೆಂಬ ನಾಲ್ಕು ತಾಲ್ಲೂಕುಗಳು ಕೂಡಿ ಮಂಡ್ಯ ಜಿಲ್ಲೆಯ ಪಾಂಡವಪುರ ಉಪವಿಭಾಗವೆನಿಸಿರುವುದು ವಾಚಕರಿಗೆ ವಿದಿತವೇ ಆಗಿದೆ. 1939ರವರೆಗೆ ಇವು ಮೈಸೂರು ಜಿಲ್ಲೆಗೆ ಸೇರಿದ್ದುವು. ಈ ಸೀಮೆಯ ಕೋಟೆ ಕೊತ್ತಲಗಳು, ದೇವಾಲಯಗಳು, ಯುದ್ಧಗಳು, ಕಾಲುವೆಗಳು ಇವುಗಳನ್ನು ಕುರಿತು ಬರೆದವರು ಬಹುಮಂದಿ. ಆದರೆ ಪ್ರಜೆಯು ತಲೆಯಿಡುವ ಮನೆಗೆ ರಾಜ್ಯವು ಯಾವ ಯಾವ ಕಾಲದಲ್ಲಿ ಎಂತಹ ನೆರವನ್ನಿತ್ತಿತೆಂಬುದನ್ನು ಒಂದೆಡೆ ಇಟ್ಟು ನೋಡುವ ಪ್ರಯತ್ನವು ಅಷ್ಟಾಗಿ ನಡೆದಂತಿಲ್ಲ. ಪ್ರಕೃತ ಲೇಖನದ ಉದ್ದೇಶವು ಅದೇ. ರಾಜ್ಯವು ಕೊಟ್ಟದ್ದು ಬಹುತರವಾಗಿ ಮನೆಯಲ್ಲ, ಮನೆಯ ನೆಲ ಮತ್ತು ಆ ನೆಲದ ಪತ್ರ. ಅದನ್ನು ಪಡೆಯಲು ಅರ್ಹನಾರೆಂಬ ವಿಷಯದಲ್ಲಿ ಮಾತ್ರ ಕಾಲದಿಂದ ಕಾಲಕ್ಕೆ ಎಣಿಕೆಯು ಬೇರೆಯಾಗುತ್ತ ಬಂದಿತೆಂದು ನಮಗೆ ತೋರುತ್ತದೆ.

ಹೊಯ್ಸಳರ ಕಾಲದಲ್ಲಿ ಈ ಎಣಿಕೆಗೆ ಪಾತ್ರರಾದವರು ಅಗ್ರಹಾರದ ಮಹಾಜನರು. ಪಾಂಡವಪುರ ತಾಲ್ಲೂಕಿನ ತೊಣ್ಣೂರು ಯಾದವನಾರಾಯಣ ಚತುರ್ವೇದಿಮಂಗಲವೆಂದು ಹೆಸರಾಗಿತ್ತು. ನಾಗಮಂಗಲವೂ ಆ ವಂಶದ ಅರಸರ ಕಾಲದಲ್ಲಿ ಅಗ್ರಹಾರವಾಗಿದ್ದಿತು. ಅಗ್ರಹಾರವನ್ನು ಬಿಡುವಾಗ ಊರಿನ ಹುಟ್ಟುವಳಿಯನ್ನು ವೃತ್ತಿಗಳಾಗಿ ಹಂಚುವುದರ ಜತೆಗೆ ವಾಸಕ್ಕೆ ನಿವೇಶನವನ್ನೂ ಗೊತ್ತುಮಾಡುವುದು ವಾಡಿಕೆ. ಇಂದು ತಾಲ್ಲೂಕು ಕಚೇರಿಯ ಅರ್ಜಿಯಲ್ಲಿ ಬರೆಯುವ ‘ನಿವೇಶನ’ ಎಂಬ ಮಾತೇ ಶಾಸನಗಳಲ್ಲಿಯೂ ಬರುವುದನ್ನು ಗಮನಿಸಬೇಕು. ಗೋಡೆ ಮಾಳಿಗೆಗಳನ್ನು ಕಟ್ಟಿಸಿಕೊಳ್ಳುವುದು ಪ್ರತಿಗ್ರಹೀತನ ಹೊಣೆ. ಅರಸನದು ನೆಲ ಮತ್ತು ಶಾಸನ. ಅದೇ ಊರಿನ ಒಕ್ಕಲು, ಕುಂಬಾರ, ಅಗಸ ಮೊದಲಾದವರ ಮನೆಗಳೂ ಶಾಸನಗಳಲ್ಲಿ ಕಾಣದೆ ಹೋಗುವುದಿಲ್ಲ. ಆದರೆ ಅವು ಕಾಣುವುದು ಹೆಚ್ಚಾಗಿ ಮನೆದೆರೆ ಮೊದಲಾದ ತೆರಿಗೆಗಳ ಪಟ್ಟಿಯಲ್ಲಿ.

ಮುಂದಿನ ಘಟ್ಟವು ಶ್ರೀರಂಗಪಟ್ಟಣದ ದ್ವೀಪದಲ್ಲಿ ನಡೆದುದು. ಟಿಪ್ಪು ಸುಲ್ತಾನನು ಕೋಟೆಯ ಪೂರ್ವಕ್ಕೆ ಶಹರ್ ಗಂಜಾಮ್ ಎಂಬ ಹೊಸ ಪೇಟೆಯನ್ನು ನೆಲೆಗೊಳಿಸಿ, ಅದನ್ನು ಜನಭರಿತವನ್ನಾಗಿ ಮಾಡಲು ಶಿರಾದಿಂದ 12,000 ಕುಟುಂಬಗಳನ್ನು ಬಲಾತ್ಕಾರವಾಗಿ ತರಿಸಿದನೆಂದು ಗ್ಯಾಸೆಟಿಯರಿನಲ್ಲಿ ಹೇಳಿದೆ. ಸಂಖ್ಯೆಯು ಉತ್ಪ್ರೇಕ್ಷಿತವಾಗಿದ್ದರೂ ಇರಬಹುದು. ರಾಜಧಾನಿಗೆ ಜನ ಬೇಕಾಗಿತ್ತು, ಆದುದರಿಂದ ಜನಕ್ಕೆ ಮನೆಯ ನೆಲ ದೊರೆಯಿತು. ಶಿರಾದಲ್ಲಿ ಬಿಟ್ಟುಬಂದ ಮನೆಗಳ ಗತಿಯೇನಾಯಿತೆಂದು ಕೇಳಿದವರಿಲ್ಲ. 1799ರಲ್ಲಿ ಪಟ್ಟಣವು ಬಿದ್ದ ಮಾರನೆಯ ವರ್ಷ ಇಲ್ಲಿಗೆ ಬಂದ ಡಾಕ್ಟರ್ ಬುಕಾನನನು ಕೋಟೆಯೊಳಗೆ 4,163 ಮನೆಗಳನ್ನೂ ಗಂಜಾಮಿನಲ್ಲಿ 2,216 ಮನೆಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡಿದ್ದಾನೆ. ಮನೆಗೆ ಐವರಂತೆ ಎಣಿಸಿದರೆ ಒಟ್ಟು 31,895 ಜನವಾಗುತ್ತದೆ. ಸುಲ್ತಾನನ ಕಾಲದಲ್ಲಿ ದ್ವೀಪದ ಜನಸಂಖ್ಯೆಯು ಒಂದೂವರೆ ಲಕ್ಷವಿದ್ದಿತೆಂಬ ಅಂದಾಜನ್ನು ಒಪ್ಪುವುದಾದರೆ, ರಾಜಾಜ್ಞೆಯಿಂದ ತುಂಬಿದ ಊರು ರಾಜನು ಅಳಿದೊಡನೆ ಎಷ್ಟು ಬೇಗ ಬರಿದಾಯಿತೆಂಬುದು ಗೋಚರವಾಗುತ್ತದೆ.

ಈ ಎರಡು ಘಟ್ಟಗಳಲ್ಲಿಯೂ ಮನೆಯ ನೆಲವು ದೊರೆತುದು ರಾಜ್ಯಕ್ಕೆ ಬೇಕಾದವರಿಗೆ. ರಾಜ್ಯವು ತನ್ನ ಕಾರ್ಯಕ್ಕಾಗಿ ಕಿತ್ತ ಮನೆಗಳಿಗೆ ಬದಲು ಕೊಡುವುದು ತನ್ನ ಕರ್ತವ್ಯವೆಂದು ಕಾಯದೆಯ ಮೂಲಕ ಒಪ್ಪಿ ನಡೆದ ದೊಡ್ಡ ಪ್ರಸಂಗವು ಈ ಸೀಮೆಯಲ್ಲಿ ಕನ್ನಂಬಾಡಿಯದು. ಆದಕಾರಣ ಅಲ್ಲಿ ಸ್ವಲ್ಪ ನಿಲ್ಲಬೇಕಾಗಿದೆ.

ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಎಂ. ವಿಶ್ವೇಶ್ವರಯ್ಯನವರು ಮುಖ್ಯ ಇಂಜಿನಿಯರಾಗಿದ್ದಾಗ, 1911ರ ನವೆಂಬರಿನಲ್ಲಿ ಆಣೆಕಟ್ಟಿನ ಕೆಲಸವು ಆರಂಭವಾಯಿತು. ಕಾವೇರಿ, ಹೇಮಾವತಿ, ಲಕ್ಷ್ಮಣತೀರ್ಥಗಳ ನೀರು ನಿಲ್ಲುವ ಎಡೆಯಲ್ಲಿದ್ದ ಗ್ರಾಮಗಳು ಮುಳುಗುವುದು ನಿಶ್ಚಯವಾಗಿತ್ತು. ಐದು ಸಾವಿರದಿಂದ ಹತ್ತು ಸಾವಿರದವರೆಗೆ ಜನರು ಮನೆಗಳನ್ನು ಕಳೆದುಕೊಳ್ಳುವರೆಂದು ಅಂದಾಜಾಗಿದ್ದಿತು. ಆದರೆ ಕೆಲಸವು ಒಂದೇ ಓಟಕ್ಕೆ ಸಾಗಲಿಲ್ಲ. ಮದರಾಸು ಸರ್ಕಾರದ ಆಕ್ಷೇಪಣೆಯ ಕಾರಣ ಮೊದಲು 80 ಅಡಿ ಎತ್ತರಕ್ಕೆ ಮಾತ್ರ ಅನುಮತಿಯಿತ್ತು. ಅಸ್ತಿವಾರವನ್ನಾದರೋ ಪೂರ್ಣ ಎತ್ತರಕ್ಕೆ ತಕ್ಕಂತೆಯೇ ಹಾಕಲಾಗಿತ್ತು. 1924ರ ಒಪ್ಪಂದದ ಮೇಲೆಯೇ 124 ಅಡಿಯ ಪ್ರಶ್ನೆ ಇತ್ಯರ್ಥವಾದುದು. ಕಟ್ಟೆ ಮುಗಿದುದು 1931ರಲ್ಲಿ. ಅಂದರೆ ನೀರಿನ ಅಂಚಿನ ಮೇಲುಭಾಗದಲ್ಲಿದ್ದ ರೈತನು ತನ್ನ ಮನೆಯು ಮುಳುಗುವುದೋ ಉಳಿಯುವುದೋ ಎಂಬುದನ್ನು ತಿಳಿಯದೆಯೇ ಹತ್ತಾರು ಮಳೆಗಾಲಗಳನ್ನು ಕಳೆದಿರಬೇಕು. ಅಂತಹ ಸ್ಥಿತಿಯಲ್ಲಿ ಸೋರುವ ಮಾಡಿಗೆ ಹೊಸ ಹೆಂಚನ್ನು ಯಾರು ಹೊದಿಸಿಯಾರು? ಇದು ನಮ್ಮ ಊಹೆ. ಆದರೆ ಹಳ್ಳಿಯ ಬಾಳನ್ನು ಬಲ್ಲವರು ಇದನ್ನು ಅಲ್ಲಗಳೆಯಲಾರರು.

ಸರ್ಕಾರದವರು ಹಣದ ಪರಿಹಾರವನ್ನು ಕೊಟ್ಟರು. ವ್ಯವಸಾಯಗಾರರಿಗೆ ಹೊಸದಾಗಿ ನೀರಾವರಿಗೊಳಗಾಗುವ ಪ್ರದೇಶದಲ್ಲಿ ಜಮೀನನ್ನು ಒದಗಿಸಿದರು. ಆ ಕಾಲಕ್ಕೆ ಇದು ಸಾಮಾನ್ಯವಾದ ಔದಾರ್ಯವಲ್ಲ. ಆದರೂ ಒಂದು ಮಾತನ್ನು ಹೇಳದಿರಲಾಗುವುದಿಲ್ಲ. ಭೂಸ್ವಾಧೀನದ ಕಾಯದೆಯು ಪರಿಹಾರವನ್ನು ವಿಧಿಸುವುದು ಹಕ್ಕಿಗೆ, ವಾಸಕ್ಕಲ್ಲ. ಖಾತೆದಾರನ ತೊಟ್ಟಿಮನೆಗೆ ಬೆಲೆ ಕಟ್ಟಬಹುದು. ಅವನ ಹೊಲದ ಮೂಲೆಯಲ್ಲಿ ಅವನ ಅನುಮತಿಯಿಂದ ಸೋಗೆಯ ಗುಡಿಸಲು ಹಾಕಿಕೊಂಡಿದ್ದ ಆಳುಮಗನಿಗೆ ಆ ಕಾಯದೆಯಲ್ಲಿ ಬಲವಾದ ಆಧಾರವೇನಿತ್ತು? ಇಬ್ಬರ ಒಲೆಗಳೂ ಒಂದೇ ನೀರಿನಲ್ಲಿ ಮುಳುಗಿದುವು. ಸ್ಥಳಾಂತರಗೊಂಡ ಊರು ‘ಹೊಸ ಕನ್ನಂಬಾಡಿ’ ಎಂದು ಹಳೆಯ ಹೆಸರನ್ನೇ ಹೊತ್ತು ನಿಂತಿತು. ಕನ್ನಂಬಾಡಿಯ ವೇಣುಗೋಪಾಲಸ್ವಾಮಿಯ ಕಲ್ಲುಗುಡಿಯಾದರೋ ನೀರಿನಲ್ಲಿಯೇ ಉಳಿದು, ಬರಗಾಲದಲ್ಲಿ ನೀರಿಳಿದಾಗ ಕಾಣಿಸಿಕೊಳ್ಳುತ್ತಿದ್ದು, ಈ ಶತಮಾನದ ಆರಂಭದಲ್ಲಿ ಖಾಸಗಿ ಧರ್ಮನಿಧಿಯೊಂದರ ವೆಚ್ಚದಿಂದ ಹೊಸ ಕನ್ನಂಬಾಡಿಯಲ್ಲಿ ಮರಳಿ ಕಟ್ಟಲ್ಪಟ್ಟಿತು. ದೇವರಿಗೂ ಪುನರ್ವಸತಿಗಾಗಿ ಮುಕ್ಕಾಲು ಶತಮಾನಕ್ಕೂ ಮೇಲ್ಪಟ್ಟು ಕಾಯಬೇಕಾಯಿತು.

ಅದೇ ಆಳುಮಗನ ಗುಡಿಸಲಿಗೆ ಕಾಯದೆಯ ಆಧಾರವು ದೊರೆತುದು ಬಹುಕಾಲದ ಮೇಲೆ. 1961ರ ಭೂಸುಧಾರಣೆಯ ಕಾಯದೆಗೆ 1970ರ ದಶಕದಲ್ಲಿ ಆದ ತಿದ್ದುಪಡಿಗಳಿಂದ 38-ಎ ಎಂಬ ಕಲಮು ಸೇರಿ, ಪರರ ಜಮೀನಿನಲ್ಲಿ ಮನೆ ಮಾಡಿಕೊಂಡಿದ್ದ ಕೃಷಿಕಾರ್ಮಿಕನನ್ನು ಆ ಮನೆಯ ಒಡೆಯನೆಂದು ನೋಂದಾಯಿಸಲು ಅವಕಾಶವಾಯಿತು. ಡಿ. ದೇವರಾಜ ಅರಸರು 1972ರಲ್ಲಿ ಮುಖ್ಯಮಂತ್ರಿಗಳಾದ ತರುವಾಯ ನಿವೇಶನರಹಿತರಿಗೆ ನಿವೇಶನವನ್ನು ಹಂಚುವ ಕಾರ್ಯವು ವೇಗವನ್ನು ಪಡೆಯಿತು. 1975ರ ಇಪ್ಪತ್ತು ಅಂಶಗಳ ಕಾರ್ಯಕ್ರಮದಲ್ಲಿ ಅದು ಇಡೀ ದೇಶದ ಗುರಿಯಾಯಿತು. ಊರ ಹೊರಗೆ ಸಾಲಾಗಿ ನಿಂತ ಒಂದೇ ಅಳತೆಯ ‘ಜನತಾ ಮನೆ’ಗಳು ಹುಟ್ಟಿದುದು ಆ ಕಾಲದಲ್ಲಿ. ಅವುಗಳ ಗೋಡೆಗಳು ಗಟ್ಟಿಯಿರಲಿಲ್ಲವೆಂಬ ದೂರು ಇದ್ದೇ ಇದೆ. ಆದರೆ ಅವುಗಳೊಡನೆ ಬಂದ ಹಕ್ಕುಪತ್ರವನ್ನು ಜನರು ತಗಡಿನ ಪೆಟ್ಟಿಗೆಯಲ್ಲಿಟ್ಟು ಕಾಪಾಡಿದ ಬಗೆಯನ್ನು ನೋಡಿದರೆ, ಅಗ್ರಹಾರದವರು ತಾಮ್ರಶಾಸನವನ್ನು ಕಾಪಾಡಿದುದು ನೆನಪಿಗೆ ಬರುತ್ತದೆ.

1991-92ರಲ್ಲಿ ರಾಜ್ಯವು ಆರಂಭಿಸಿದ ಆಶ್ರಯ ಯೋಜನೆ, ಕೇಂದ್ರದವರು 1985ರಲ್ಲಿ ತಂದ ಇಂದಿರಾ ಆವಾಸ್, ಅಂಬೇಡ್ಕರ್ ಮತ್ತು ಬಸವ ವಸತಿ ಯೋಜನೆಗಳು, ಇವುಗಳನ್ನು ನಡೆಸಲು 2000ದಲ್ಲಿ ಸ್ಥಾಪಿತವಾದ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ, ಇವೆಲ್ಲ ಈಚಿನ ಸಂಗತಿಗಳಾದುದರಿಂದ ವಿಸ್ತರಿಸಬೇಕಾದುದಿಲ್ಲ. ಮನೆಯನ್ನು ಸಾಮಾನ್ಯವಾಗಿ ಹೆಂಗಸಿನ ಹೆಸರಿಗೆ ಮಂಜೂರು ಮಾಡುವ ಪದ್ಧತಿಯು ಈ ಅವಧಿಯಲ್ಲಿ ನೆಲೆಗೊಂಡುದನ್ನು ಮಾತ್ರ ವಿಶೇಷವಾಗಿ ಹೇಳಬೇಕು. ಇದು ಹಿಂದಿನ ಯಾವ ದಾನದಲ್ಲಿಯೂ ನಿಯಮವಾಗಿರಲಿಲ್ಲ.

2015ರ ಜೂನಿನಲ್ಲಿ ಆರಂಭವಾದ ಪ್ರಧಾನಮಂತ್ರಿ ಆವಾಸ್ ಯೋಜನೆಯ ನಗರಭಾಗದಲ್ಲಿ ಎಣಿಕೆಯು ಮತ್ತೊಮ್ಮೆ ಬದಲಾಯಿತು. ಈಗ ಪಾತ್ರನಾದವನು ಮೊದಲ ಮನೆಯನ್ನು ಕೊಳ್ಳುವವನು. ವಾರ್ಷಿಕ ವರಮಾನವು ಆರು ಲಕ್ಷ ರೂಪಾಯಿಗಳನ್ನು ಮೀರದ ಕುಟುಂಬಕ್ಕೆ ಆರು ಲಕ್ಷದವರೆಗಿನ ಸಾಲದ ಮೇಲೆ ನೂರಕ್ಕೆ 6.5ರಷ್ಟು ಬಡ್ಡಿಯ ಸಹಾಯ. ಅದು ಹೆಚ್ಚೆಂದರೆ ಸುಮಾರು 2.67 ಲಕ್ಷ. ಆ ಕುಟುಂಬಕ್ಕೆ ಭಾರತದ ಯಾವ ಭಾಗದಲ್ಲಿಯೂ ಪಕ್ಕಾ ಮನೆಯಿರಕೂಡದೆಂಬುದು ನಿಬಂಧನೆ. ಈ ಸಹಾಯವು 2022ರಲ್ಲಿ ನಿಂತು, 2024ರಲ್ಲಿ ಯೋಜನೆಯ ಎರಡನೆಯ ಹಂತದಲ್ಲಿ 1.80 ಲಕ್ಷದ ಮಿತಿಯೊಡನೆ ಬೇರೆ ರೂಪದಲ್ಲಿ ಮರಳಿತು. ಹಳ್ಳಿಗಳಿಗೆ 2016ರಲ್ಲಿ ಪ್ರತ್ಯೇಕವಾದ ಗ್ರಾಮೀಣ ಯೋಜನೆಯು ಬಂದಿತು. ಅದರಲ್ಲಿ ಬಯಲುಸೀಮೆಯ ಮನೆಗೆ 1.20 ಲಕ್ಷದ ನೆರವು.

ನಿಬಂಧನೆಯು ಓದಲು ಸರಳ. ಆದರೆ ಈ ಸೀಮೆಯಲ್ಲಿ ‘ಮೊದಲ ಮನೆ’ ಯಾವುದೆಂದು ನಿರ್ಣಯಿಸುವುದು ಸರಳವಲ್ಲ. ಅಜ್ಜನ ಹೆಸರಿನಲ್ಲಿಯೇ ಖಾತೆಯಿರುವ, ಮೂವರು ಅಣ್ಣತಮ್ಮಂದಿರು ಮೂರು ಒಲೆ ಹೂಡಿರುವ ಹಳೆಯ ಮನೆಯಲ್ಲಿ ಕಿರಿಯವನಿಗೆ ಸೇರಿದುದು ಒಂದು ಕೋಣೆ. ಯೋಜನೆಯ ಪ್ರಕಾರ ಕುಟುಂಬವೆಂದರೆ ಗಂಡ, ಹೆಂಡತಿ ಮತ್ತು ಮದುವೆಯಾಗದ ಮಕ್ಕಳು. ಆ ಲೆಕ್ಕದಲ್ಲಿ ಅವನು ಮನೆಯಿಲ್ಲದವನು. ಹಿಂದೂ ಅವಿಭಕ್ತ ಕುಟುಂಬದ ಧರ್ಮಶಾಸ್ತ್ರದ ಲೆಕ್ಕದಲ್ಲಿ ಅವನು ಪಾಲುಗಾರ. ಎರಡು ಲೆಕ್ಕಗಳ ನಡುವೆ ಅರ್ಜಿಯು ಮೇಜಿನಿಂದ ಮೇಜಿಗೆ ಸಾಗುತ್ತದೆ. ಇದಲ್ಲದೆ ಬಡ್ಡಿಯ ಸಹಾಯವು ದೊರೆಯುವುದು ಸಾಲ ಹುಟ್ಟಿದವನಿಗೆ. ಸಾಲವು ಹುಟ್ಟುವುದು ನಿರ್ದುಷ್ಟವಾದ ಪತ್ರವುಳ್ಳವನಿಗೆ.

ಶ್ರೀರಂಗಪಟ್ಟಣದಲ್ಲಿ ಇನ್ನೊಂದು ತೊಡಕುಂಟು. 2010ರಲ್ಲಿ ತಿದ್ದುಪಡಿಯಾದ ಪ್ರಾಚೀನ ಸ್ಮಾರಕಗಳ ಕಾಯದೆಯಂತೆ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರಿನೊಳಗೆ ಹೊಸ ಕಟ್ಟಡವು ನಿಷಿದ್ಧ. ಅದರಾಚೆಯ 200 ಮೀಟರು ನಿಯಂತ್ರಿತ. ಕೋಟೆಯ ಗೋಡೆ, ಮಸೀದಿ, ಗುಡಿ, ಸೆರೆಮನೆಗಳು ಒತ್ತಾಗಿರುವ ಊರಿನಲ್ಲಿ ಈ ವೃತ್ತಗಳು ಒಂದರ ಮೇಲೊಂದು ಬೀಳುತ್ತವೆ. ತಲೆಮಾರುಗಳಿಂದ ಅಲ್ಲಿ ವಾಸವಾಗಿರುವವನಿಗೆ ನಿವೇಶನವಿದೆ, ಪತ್ರವೂ ಇದೆ, ಹೊಸ ಮನೆ ಕಟ್ಟುವ ಅಪ್ಪಣೆ ಮಾತ್ರ ಇಲ್ಲ. ಸ್ಮಾರಕರಕ್ಷಣೆಯನ್ನು ಸದಾ ಬಯಸುವ ನಮ್ಮಂತಹವರು ಈ ಮನೆಗಳವರ ಕಷ್ಟವನ್ನೂ ಕೇಳಬೇಕಾದುದು ನ್ಯಾಯ.

ಗ್ರಾಮಾಂತರದ ಪ್ರಶ್ನೆಯು ಕೊಪ್ಪಲುಗಳದು. ಮೂಲಗ್ರಾಮದಿಂದ ದೂರ, ಹೊಲಗದ್ದೆಗಳ ಬಳಿ ಬೆಳೆದ ಸಣ್ಣ ಊರಿಗೆ ಇಲ್ಲಿ ಕೊಪ್ಪಲೆಂದು ಹೆಸರು. ನಾಗಮಂಗಲ, ಕೃಷ್ಣರಾಜಪೇಟೆಗಳ ಕಡೆ ಹಟ್ಟಿಗಳೂ ಉಂಟು. ಇಂತಹ ನೆಲೆಗಳು ಗ್ರಾಮಠಾಣದ ಎಲ್ಲೆಯ ಹೊರಗೆ ಬಿದ್ದರೆ, ಅಲ್ಲಿಯ ಮನೆಯು ಕಣ್ಣಿಗೆ ಮನೆ, ಕಂದಾಯದ ದಾಖಲೆಯಲ್ಲಿ ಜಮೀನು. 38-ಎ ಕಲಮಿಗೆ ಮಾಡಿದ, 2017ರಲ್ಲಿ ಜಾರಿಗೆ ಬಂದ ತಿದ್ದುಪಡಿಯು ತಾಂಡ, ಹಟ್ಟಿ, ಪಾಳ್ಯ, ಮಜರೆ ಮೊದಲಾದ ದಾಖಲೆಯಿಲ್ಲದ ಜನವಸತಿಗಳ ನಿವಾಸಿಗಳಿಗೂ ಒಡೆತನವನ್ನು ಕೊಡಲು ಎಡೆಮಾಡಿತು. ಸರ್ಕಾರಿ ಜಮೀನಿನಲ್ಲಿ ಕಟ್ಟಿದ ಹಳ್ಳಿಯ ಮನೆಗಳಿಗೆ ಭೂಕಂದಾಯದ ಕಾಯದೆಯ 94-ಸಿ ಕಲಮಿನಂತೆ ಬೇರೆ ಅರ್ಜಿ. ಅರ್ಜಿದಾರರಲ್ಲಿ ಮುಳುಗಡೆಯ ಊರುಗಳಿಂದ ಬಂದವರ ಸಂತತಿಯವರೂ ಇದ್ದರೆ ಆಶ್ಚರ್ಯವಿಲ್ಲ. ಕಟ್ಟೆಯ ಹಿನ್ನೀರಿನ ಸುತ್ತಣ ಹಳ್ಳಿಗಳಲ್ಲಿ ಸಂಶೋಧಕರು ಮನೆ ಮನೆಗೂ ಹೋಗಿ, ಪೆಟ್ಟಿಗೆಗಳಲ್ಲಿರುವ 1911ರಿಂದ ಈಚಿನ ಪರಿಹಾರದ ಕಾಗದಗಳನ್ನು ನಕಲು ಮಾಡಿಕೊಳ್ಳುವುದು ತುರ್ತಾಗಿ ಆಗಬೇಕಾದ ಕೆಲಸ. ಹುಳು ಹಿಡಿಯದಂತೆ ಅವು ಇನ್ನು ಬಹಳ ದಿನ ನಿಲ್ಲಲಾರವು.