ಹೆತ್ತವರ ಹತ್ಯೆ: ಕೇಳಲು ತಡವಾದ ಪ್ರಶ್ನೆ

ಹೆತ್ತವರನ್ನೇ ಕೊಲ್ಲುವ ಮಕ್ಕಳಿರಬಹುದೆಂದು ಊಹಿಸಲೂ ನಮ್ಮ ಮನಸ್ಸು ಹಿಂಜರಿಯುತ್ತದೆ. ಪ್ರಾಚೀನ ರೋಮನ್ನರಿಗೂ ಇದು ಪಾತಕಗಳಲ್ಲೇ ಘೋರವಾಗಿತ್ತು. ಅಪರಾಧಿಯನ್ನು ನಾಯಿ, ಹುಂಜ, ವಿಷಸರ್ಪ, ಕೋತಿಗಳೊಡನೆ ಚೀಲದಲ್ಲಿ ಹಾಕಿ ಹೊಲಿದು ನೀರಿಗೆ ಎಸೆಯಬೇಕೆಂದು ಅವರ ಕಾನೂನು ವಿಧಿಸಿತ್ತು. ಕ್ರಿ.ಪೂ. 80ರಲ್ಲಿ ತಂದೆಯನ್ನು ಕೊಂದ ಆರೋಪ ಹೊತ್ತಿದ್ದ ಸೆಕ್ಸ್ಟಸ್ ರೋಸಿಯಸ್‌ನ ಪರವಾಗಿ ನಿಂತ ಯುವ ವಕೀಲ ಸಿಸಿರೊ, ಇಂಥ ಕೃತ್ಯಕ್ಕೆ ಕಾರಣವೇನೆಂಬುದನ್ನು ಮೊದಲು ತೋರಿಸಿರೆಂದು ಪಟ್ಟು ಹಿಡಿದನು. ಶಿಕ್ಷೆಯ ವಿಚಾರಕ್ಕೆ ಮುನ್ನ ‘ಏಕೆ’ ಎಂದು ಕೇಳಿದ ಆ ದನಿ ಮುಂದೆ ಬಹುಕಾಲ ಒಂಟಿಯಾಗಿಯೇ ಉಳಿಯಿತು.

1599ರ ಸೆಪ್ಟೆಂಬರ್ 11ರಂದು ಅದೇ ರೋಮಿನಲ್ಲಿ, ಸಂತ್ ಆಂಜೆಲೊ ಸೇತುವೆಯ ಬಳಿ, 22 ವರ್ಷದ ಬೆಯಾತ್ರಿಚೆ ಚೆಂಚಿಯ ಶಿರಚ್ಛೇದವಾಯಿತು. ಅವಳ ಮಲತಾಯಿ ಲುಕ್ರೇಸಿಯಾ, ಅಣ್ಣ ಜಾಕೊಮೊ ಅದೇ ದಿನ ಮಡಿದರು. ಕಿರಿಯ ತಮ್ಮ ಬೆರ್ನಾರ್ದೊಗೆ ಜೀವದಾನ ದೊರೆತರೂ ತನ್ನವರ ಸಾವನ್ನು ನಿಂತು ನೋಡಬೇಕಾಯಿತು. ಹಿಂದಿನ ವರ್ಷ ಅವಳ ತಂದೆ ಫ್ರಾಂಚೆಸ್ಕೊ ಚೆಂಚಿಯನ್ನು ಕೊಂದು, ಶವವನ್ನು ಮಹಡಿಯಿಂದ ಕೆಳಗೆಸೆದು, ಕಾಲು ಜಾರಿ ಬಿದ್ದನೆಂದು ನಂಬಿಸಲು ಯತ್ನಿಸಲಾಗಿತ್ತು. ಫ್ರಾಂಚೆಸ್ಕೊ ರೋಮಿನ ಧನಿಕ. ಅವನ ಕ್ರೌರ್ಯ ನ್ಯಾಯಾಲಯಗಳಿಗೆ ಹೊಸದಾಗಿರಲಿಲ್ಲ; ಪ್ರತಿ ಬಾರಿಯೂ ದಂಡ ತೆತ್ತು ಪಾರಾಗುತ್ತಿದ್ದನು. ಮಗಳನ್ನೂ ಹೆಂಡತಿಯನ್ನೂ ಪೆತ್ರೆಲ್ಲಾದ ಒಂಟಿ ಕೋಟೆಯಲ್ಲಿ ಕೂಡಿಹಾಕಿದ್ದನು. ಅವನು ಮಗಳ ಮಾನಭಂಗ ಮಾಡಿದನೆಂದು ವಕೀಲ ಪ್ರೊಸ್ಪೆರೊ ಫಾರಿನಾಚ್ಚಿ ವಾದಿಸಿದರು. ಆ ಮಾತಿನ ಸತ್ಯಾಸತ್ಯತೆಯ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ವಿಶ್ವಗುರು ಎಂಟನೆಯ ಕ್ಲೆಮೆಂಟರು ಅವಳಿಗೆ ಕ್ಷಮಾದಾನ ನೀಡಲಿಲ್ಲ.

ಪ್ರಿಯ ಓದುಗರೇ, ಕೊಲೆ ಕೊಲೆಯೇ, ಅದನ್ನು ಸಮರ್ಥಿಸಲಾಗದು. ಆದರೆ ಕಾರಣವನ್ನು ಅರಿಯುವುದು ಸಮರ್ಥನೆಯಲ್ಲ. ಅಮೆರಿಕದ ಅಪರಾಧಶಾಸ್ತ್ರಜ್ಞೆ ಕ್ಯಾಥ್ಲೀನ್ ಹೈಡ್ 1992ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೆತ್ತವರನ್ನು ಕೊಂದವರನ್ನು ಮೂರು ಬಗೆಯಾಗಿ ವಿಂಗಡಿಸಿದರು: ತೀವ್ರ ದೌರ್ಜನ್ಯಕ್ಕೆ ಗುರಿಯಾದವರು, ತೀವ್ರ ಮನೋರೋಗಕ್ಕೆ ತುತ್ತಾದವರು, ಸ್ವಾರ್ಥಕ್ಕಾಗಿ ಕೊಲ್ಲಲೂ ಹೇಸದ ಸಮಾಜಘಾತುಕರು. ಹದಿಹರೆಯದವರಲ್ಲಿ ಮೊದಲನೆಯ ಬಗೆ ಹೆಚ್ಚಾಗಿ ಕಂಡುಬಂದರೆ, ವಯಸ್ಕರಲ್ಲಿ ಎರಡನೆಯದು ಎದ್ದು ಕಾಣುತ್ತದೆ. ಮೊದಲ ಬಗೆಯ ಮಕ್ಕಳ ಕಥೆ ಬಹುಮಟ್ಟಿಗೆ ಒಂದೇ. ಮನೆಯಲ್ಲಿ ಕುಡಿತ, ಹೊಡೆತ, ಯಾರಿಗಾದರೂ ಹೇಳಿಕೊಳ್ಳುವ ಯತ್ನ, ಸಿಗದ ನೆರವು, ಓಡಿಹೋಗುವ ವಿಫಲ ಪ್ರಯತ್ನ, ಕೊನೆಗೆ ದಾರಿಯೇ ಇಲ್ಲವೆಂಬ ಹತಾಶೆ.

ಹಾಗೆಂದು ನೊಂದ ಮಕ್ಕಳನ್ನಾಗಲಿ ಮನೋರೋಗಿಗಳನ್ನಾಗಲಿ ಶಂಕೆಯಿಂದ ನೋಡುವುದು ಅನ್ಯಾಯ. ಅವರಲ್ಲಿ ಬಹುತೇಕರು ಯಾರ ಮೇಲೂ ಕೈ ಎತ್ತುವುದಿಲ್ಲ, ಮೌನವಾಗಿ ಬೇಯುತ್ತಾರೆ. ತಂದೆತಾಯಿಗಳನ್ನು ಗೌರವಿಸಬೇಕೆಂಬ ಆಜ್ಞೆಯನ್ನು ನಾವು ಮಕ್ಕಳಿಗೆ ಕಲಿಸುತ್ತೇವೆ. ಮಕ್ಕಳನ್ನು ಕೆರಳಿಸಬೇಡಿರೆಂದು ಸಂತ ಪೌಲರು ತಂದೆಯರಿಗೂ ಎಚ್ಚರಿಕೆ ಕೊಟ್ಟಿರುವುದನ್ನು ಅಷ್ಟೇ ಶ್ರದ್ಧೆಯಿಂದ ನೆನೆಯುತ್ತೇವೆಯೇ? ನೆರೆಮನೆಯ ಮಗು ಅಳುಕುತ್ತಾ ಏನನ್ನೋ ಹೇಳಲು ಬಂದಾಗ ‘ಅದು ಅವರ ಮನೆಯ ವಿಷಯ’ ಎಂದು ಬಾಗಿಲು ಮುಚ್ಚದಿರೋಣ. ಕುಳಿತು ಕೇಳೋಣ, ಕೇಳಿದ ಮೇಲೆ ಸುಮ್ಮನಿರದಿರೋಣ.