ಕಲ್ಯಾಣದ ತ್ರಸರೇಣುವೂ ಶಾಲೆಯ ಪರಮಾಣುವೂ

ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನು (1076–1126) ಕಲ್ಯಾಣದಲ್ಲಿ ರಾಜ್ಯವಾಳುತ್ತಿದ್ದಾಗ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ವ್ಯಾಖ್ಯಾನವನ್ನು ರಚಿಸಿದನೆಂಬುದು ವಿದ್ವಾಂಸರಿಗೆ ತಿಳಿದ ವಿಷಯವೇ. ದಾಯಭಾಗದಲ್ಲಿ ಆ ಗ್ರಂಥಕ್ಕೆ ದೊರೆತ ಪ್ರಾಮಾಣ್ಯವು ಎಷ್ಟು ದೊಡ್ಡದಾಯಿತೆಂದರೆ ಅದರ ಉಳಿದ ಭಾಗಗಳ ಕಡೆಗೆ ಓದುಗರ ದೃಷ್ಟಿ ಹೋಗುವುದೇ ಅಪೂರ್ವವಾಯಿತು. ಆಚಾರಾಧ್ಯಾಯದ ರಾಜಧರ್ಮಪ್ರಕರಣದ ಕೊನೆಯಲ್ಲಿ ದಂಡದ ಹಣವನ್ನು ಗೊತ್ತುಮಾಡುವುದಕ್ಕಾಗಿ ತೂಕದ ಮಾನಗಳನ್ನು ಹೇಳುವ ಕೆಲವು ಶ್ಲೋಕಗಳುಂಟು. ಜಾಲಂಧ್ರದಿಂದ ಒಳಹೊಕ್ಕ ಬಿಸಿಲುಕೋಲಿನಲ್ಲಿ ಕಾಣುವ ಧೂಳಿನ ಕಣವು ಅಲ್ಲಿ ಎಲ್ಲ ಮಾನಗಳಿಗೂ ಮೊದಲು. ಅದರ ಹೆಸರು ತ್ರಸರೇಣು. ಇಲ್ಲಿ ವಿಜ್ಞಾನೇಶ್ವರನು ಮೂಲದಲ್ಲಿಲ್ಲದ ಒಂದು ಮಾತನ್ನು ಸೇರಿಸಿರುವನು. ವೈಶೇಷಿಕರು ಹೇಳುವ ರೀತಿಯಲ್ಲಿ ಮೂರು ದ್ವ್ಯಣುಕಗಳಿಂದ ಆರಂಭವಾದ ರಜಸ್ಸೇ ಈ ತ್ರಸರೇಣುವೆಂಬುದು ಅವನ ವಿವರಣೆ. ದ್ವ್ಯಣುಕವೆಂದರೆ ಎರಡು ಪರಮಾಣುಗಳ ಕೂಟ. ಹೀಗೆ ಕಣಾದನ ಪರಮಾಣುವು ಇಂದಿನ ಬಸವಕಲ್ಯಾಣದಲ್ಲಿ ದಂಡನೀತಿಯ ತಕ್ಕಡಿಯನ್ನೇರಿತು.

ಆ ಲೆಕ್ಕವನ್ನು ಮುಂದುವರಿಸಿ ನೋಡಬಹುದು. ಎಂಟು ತ್ರಸರೇಣುಗಳಿಗೆ ಒಂದು ಲಿಕ್ಷಾ, ಮೂರು ಲಿಕ್ಷೆಗಳಿಗೆ ಒಂದು ರಾಜಸರ್ಷಪ, ಅದರ ಮೂರಕ್ಕೆ ಗೌರಸರ್ಷಪ, ಅದರ ಆರಕ್ಕೆ ಯವ, ಮೂರು ಯವಗಳಿಗೆ ಕೃಷ್ಣಲ, ಅಂದರೆ ನಮ್ಮ ಗುಲಗಂಜಿ. ಗುಣಿಸಿದರೆ ಒಂದು ಗುಲಗಂಜಿಗೆ 1296 ತ್ರಸರೇಣುಗಳು. ಒಂದೊಂದಕ್ಕೆ ಆರರಂತೆ 7776 ಪರಮಾಣುಗಳು. ಅಕ್ಕಸಾಲೆಯ ಗುಲಗಂಜಿಯು ಸುಮಾರು 0.12 ಗ್ರಾಂ ತೂಗುವುದು. ಅಷ್ಟು ತೂಕದ ಚಿನ್ನದಲ್ಲಿ ಈಗಿನ ರಸಾಯನಶಾಸ್ತ್ರದ ಗಣನೆಯಂತೆ ಇರುವ ಪರಮಾಣುಗಳ ಸಂಖ್ಯೆಯನ್ನು ಬರೆಯಬೇಕಾದರೆ 37ರ ಮುಂದೆ ಹತ್ತೊಂಬತ್ತು ಸೊನ್ನೆಗಳನ್ನಿಡಬೇಕು. ಈ ಅಂತರವನ್ನು ಹಿಡಿದು ಪ್ರಾಚೀನರನ್ನು ಹಾಸ್ಯಮಾಡುವುದು ಸಲ್ಲದು. ಕಣ್ಣಿಗೆ ಕಾಣುವ ಮಿತಿಯಿಂದ ತೂಕವನ್ನು ಆರಂಭಿಸುವುದಷ್ಟೇ ಸ್ಮೃತಿಯ ಉದ್ದೇಶ. ಆದರೆ ಎರಡು ಲೆಕ್ಕಗಳಲ್ಲಿಯೂ ಪರಮಾಣು ಎಂಬ ಒಂದೇ ಶಬ್ದ ಬಂದಿರುವುದರಿಂದ ಅರ್ಥವೂ ಒಂದೇ ಎಂದು ಭ್ರಮಿಸುವವರು ಇಂದಿಗೂ ಇರುವರು. ಕಣಾದನಿಗೆ ಅಣುವಿಜ್ಞಾನವೆಲ್ಲ ತಿಳಿದಿತ್ತೆಂದು ಸಭೆಗಳಲ್ಲಿ ಕೇಳಿಬರುವ ಘೋಷಣೆಯು ಈ ಭ್ರಮೆಯ ಫಲವೇ. ಆ ಮಾತನ್ನು ಕೇಳಿಬಂದ ವಿದ್ಯಾರ್ಥಿಯು ಮರುದಿನ ತರಗತಿಯಲ್ಲಿ ಪರಮಾಣುವಿನ ರಚನೆ ಎಂಬ ಪಾಠವನ್ನು ಓದುವಾಗ ಅವನಿಗೆ ಗೊಂದಲವಾಗದೆ ಇರುವುದೆ? ವೈಶೇಷಿಕರ ಪರಮಾಣುವಿಗೆ ರಚನೆಯೇ ಇಲ್ಲ. ಅದು ನಿರವಯವ, ನಿತ್ಯ. ವಿಭಾಗಕ್ಕೆ ಕೊನೆಯಿಲ್ಲವೆಂದರೆ ಮೇರುವೂ ಸಾಸಿವೆಯೂ ಸಮಾನಪರಿಮಾಣದವಾಗಬೇಕಾದೀತೆಂಬ ತರ್ಕದಿಂದ ಅದು ಸಿದ್ಧವಾದದ್ದು. ಇನ್ನೂ ಒಂದು ಭೇದವುಂಟು. ಕಣಾದನ ಮತದಲ್ಲಿ ಚಿನ್ನದ ಪರಮಾಣು ಎಂಬ ಪ್ರತ್ಯೇಕ ಜಾತಿಯೇ ಇಲ್ಲ. ಪೃಥಿವಿ, ಅಪ್ಪು, ತೇಜಸ್ಸು, ವಾಯು ಎಂಬ ನಾಲ್ಕೇ ಬಗೆ, ಸುವರ್ಣವು ತೈಜಸ.

ಇತ್ತ ಡಾಲ್ಟನನು 1808ರಲ್ಲಿ ತೂಕಗಳ ಪ್ರಮಾಣದಿಂದ ಸಾಧಿಸಿದ ಪರಮಾಣುವೂ ಮೊದಲು ಅವಿಭಾಜ್ಯವೇ ಆಗಿದ್ದಿತು. 1897ರಲ್ಲಿ ಥಾಮ್ಸನನು ಇಲೆಕ್ಟ್ರಾನನ್ನು ಕಂಡುಹಿಡಿದ ಬಳಿಕ, 1911ರಲ್ಲಿ ರುದರ್‌ಫರ್ಡನು ನ್ಯೂಕ್ಲಿಯಸ್ ಎಂಬ ಬೀಜಕೇಂದ್ರವನ್ನು ಸ್ಥಾಪಿಸಿದ ಬಳಿಕ, ಅದು ಸಾವಯವವಾಯಿತು. ಸೋಡಿಯಂ ಪರಮಾಣುವಿನ ಕೇಂದ್ರದಲ್ಲಿ 11 ಪ್ರೋಟಾನುಗಳು, ಸುತ್ತ 2, 8, 1 ಎಂಬ ಕ್ರಮದಲ್ಲಿ 11 ಇಲೆಕ್ಟ್ರಾನುಗಳು. ಕ್ಲೋರೀನಿಗೆ 17, ಕ್ರಮವು 2, 8, 7. ಮೊದಲನೆಯದು ಹೊರಗಿನ ಒಂದನ್ನು ಬಿಟ್ಟುಕೊಟ್ಟು ಧನ ಅಯಾನಾಗುತ್ತದೆ, ಎರಡನೆಯದು ಅದನ್ನು ಪಡೆದು ಋಣ ಅಯಾನಾಗುತ್ತದೆ, ಪರಸ್ಪರಾಕರ್ಷಣದಿಂದ ಉಪ್ಪು. ನೀರಿನಲ್ಲಿ ಹಾಕಿದರೆ ಉರಿಯುವ ಲೋಹವೂ ವಿಷವಾಯುವೂ ಸೇರಿ ಅಡಿಗೆಯ ಉಪ್ಪಾಗುವುದು ಹೇಗೆಂದು ಹುಡುಗರು ಕೇಳುವ ಪ್ರಶ್ನೆಗೆ ಉತ್ತರವು ಇದರಲ್ಲಿಯೇ ಇದೆ: ಉಪ್ಪಿನಲ್ಲಿರುವುದು ಸೋಡಿಯಂ ಲೋಹವಲ್ಲ, ಅದರ ಅಯಾನು. ಇಲ್ಲಿ ಪಂಡಿತರಿಗೆ ಪೀಲುಪಾಕವು ನೆನಪಾಗುವುದು ಸಹಜ. ಬೆಂಕಿಯ ಸಂಯೋಗದಿಂದ ಪಾರ್ಥಿವ ಪರಮಾಣುವಿನ ರೂಪರಸಗಳು ಮಾರ್ಪಡುವುವೆಂದು ವೈಶೇಷಿಕರು ಒಪ್ಪಿರುವರಷ್ಟೆ. ಆದರೆ ಅಲ್ಲಿ ಬದಲಾಗುವುದು ಗುಣ ಮಾತ್ರ. ಅಯಾನಿನಲ್ಲಿ ಅವಯವವೇ ಹೋಗಿರುತ್ತದೆ ಅಥವಾ ಬಂದಿರುತ್ತದೆ. ಹಾಗಾದರೆ ಭಾಗಗಳು ಕಂಡುಬಂದಿಲ್ಲದ ಇಲೆಕ್ಟ್ರಾನಿಗೇ ಪರಮಾಣು ಎಂಬ ಬಿರುದು ಸಲ್ಲಲಿ ಎನ್ನೋಣವೆಂದರೆ, ಪ್ರತಿ ಪರಮಾಣುವಿನಲ್ಲಿಯೂ ಅದನ್ನು ಮತ್ತೊಂದರಿಂದ ಬೇರ್ಪಡಿಸುವ ವಿಶೇಷವಿರಬೇಕೆಂದು ಶಾಸ್ತ್ರ; ಇಲೆಕ್ಟ್ರಾನುಗಳಾದರೋ ಒಂದರಿಂದೊಂದನ್ನು ಗುರುತಿಸಲಾಗದಷ್ಟು ಸದೃಶವಾದವು.

ಬಸವಕಲ್ಯಾಣ, ಹುಮನಾಬಾದುಗಳ ಶಾಲೆಗಳಿಗೆ ಈ ಪಾಠವು ಬಂದ ದಾರಿಯೂ ವಿಚಿತ್ರವಾದುದು. ಎರಡೂ ಊರುಗಳು 1948ರ ಸೆಪ್ಟೆಂಬರಿನವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಬೆಂಗಳೂರಿನಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ‘ವಿಜ್ಞಾನ’ ಎಂಬ ಕನ್ನಡ ಪತ್ರಿಕೆಯನ್ನು ನಡೆಸುತ್ತಿದ್ದ 1918ರಲ್ಲಿಯೇ ಹೈದರಾಬಾದಿನಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯವು ಸ್ಥಾಪಿತವಾಯಿತು. ಅದಕ್ಕಾಗಿ ಏರ್ಪಟ್ಟ ಭಾಷಾಂತರ ವಿಭಾಗವು ಪಾಶ್ಚಾತ್ಯ ಶಾಸ್ತ್ರಗಳನ್ನು ಉರ್ದುವಿಗೆ ತಂದಿತು. ಮನೆಯಲ್ಲಿ ಕನ್ನಡವನ್ನಾಡುವ ಬೀದರ ಸೀಮೆಯ ಹುಡುಗನು ಉರ್ದು ಶಾಲೆಯಲ್ಲಿ ಪರಮಾಣುವನ್ನು ಜೌಹರ್ ಎಂದೂ, ಧಾತುವನ್ನು ಉನ್ಸುರ್ ಎಂದೂ ಕಲಿಯಬೇಕಾಗಿದ್ದಿತು. 1956ರ ನವೆಂಬರ್ 1ರಂದು ಬೀದರವು ಮೈಸೂರು ರಾಜ್ಯವನ್ನು ಸೇರಿದ ಮೇಲೆ ಕನ್ನಡದ ಪಾಠವು ನೆಲೆಗೊಳ್ಳುತ್ತ ಬಂದಿತು. ಜೌಹರ್ ಶಬ್ದವೂ ಬರಿಯ ಭಾಷಾಂತರವಲ್ಲವೆಂಬುದು ಗಮನಿಸತಕ್ಕದ್ದು. ಅರಬ್ಬೀ ಕಲಾಂ ಶಾಸ್ತ್ರಜ್ಞರು ಮತ್ತೆ ಒಡೆಯಲಾಗದ ದ್ರವ್ಯಾಂಶವನ್ನು ಆ ಹೆಸರಿನಿಂದಲೇ ಕರೆದಿದ್ದರು. ಗ್ರೀಕರ ಅತೊಮೊಸ್ ಎಂದರೂ ಕತ್ತರಿಸಲಾಗದ್ದು ಎಂದೇ ಅರ್ಥ. ಮೂರು ಶಾಸ್ತ್ರಸಂಪ್ರದಾಯಗಳ ಅಖಂಡವಾಚಕಗಳು ಒಂದು ಖಂಡಿತವಾದ ವಸ್ತುವಿಗೆ ಹೆಸರಾಗಿ ಉಳಿದಿವೆ. ರೂಢಿಯು ಯೋಗವನ್ನು ಅಪಹರಿಸುವುದೆಂಬ ಮೀಮಾಂಸಕರ ನ್ಯಾಯಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕುವುದು ಕಷ್ಟ. ಶಾಲೆಯ ಪರಮಾಣು ರೂಢಶಬ್ದ, ಯೌಗಿಕವಲ್ಲ ಎಂದು ಪಾಠದ ಮೊದಲಲ್ಲಿಯೇ ಉಪಾಧ್ಯಾಯರು ಹೇಳಿದರೆ ಕಣಾದನಿಗೂ ನ್ಯಾಯವಾಗುವುದು, ರುದರ್‌ಫರ್ಡನಿಗೂ.

ಅಯಾನಿನ ಕಥೆಯೂ ಇಂಥದೇ. ಫ್ಯಾರಡೆಯು 1834ರಲ್ಲಿ ಹ್ಯೂವೆಲ್ ಪಂಡಿತನ ಸಲಹೆಯಂತೆ ಈ ಗ್ರೀಕ್ ಪದವನ್ನು ಬಳಕೆಗೆ ತಂದನು. ವಿದ್ಯುತ್ ಹರಿಯುವಾಗ ದ್ರವದಲ್ಲಿ ಧ್ರುವಗಳ ಕಡೆಗೆ ಹೋಗತಕ್ಕದ್ದು ಎಂದು ಅದರ ಅರ್ಥ. ಆ ಗ್ರೀಕ್ ಧಾತುವೂ ಗತ್ಯರ್ಥಕವಾದ ನಮ್ಮ ‘ಇ’ ಧಾತುವೂ ಸಹೋದರರು. ಉತ್ತರಾಯಣದ ‘ಅಯನ’ವು ಈ ಧಾತುವಿನಿಂದಲೇ ಹುಟ್ಟಿದ್ದು. ಕನ್ನಡ ಪುಸ್ತಕಗಳು ಅಯಾನು ಎಂದು ಬರೆದುಕೊಂಡಾಗ ದೂರದ ನೆಂಟನೊಬ್ಬನು ತಿಳಿಯದೆಯೇ ಮನೆಗೆ ಬಂದಂತಾಯಿತು. ವಿದ್ಯುತ್ತು ಹರಿಯದಿದ್ದಾಗಲೂ ದ್ರಾವಣದಲ್ಲಿ ಅಯಾನುಗಳಿರುವುವೆಂದು ಅರ್ಹೇನಿಯಸನು ಮುಂದೆ ತೋರಿಸಿದನು. 1913ರಲ್ಲಿ ಬ್ರ್ಯಾಗ್ ಎಂಬಾತನು ಕ್ಷಕಿರಣಗಳಿಂದ ಉಪ್ಪಿನ ಹರಳಿನ ವಿನ್ಯಾಸವನ್ನು ಬಿಡಿಸಿದನು. ಆ ಹರಳಿನಲ್ಲಿ ಸೋಡಿಯಂ, ಕ್ಲೋರೀನ್ ಅಯಾನುಗಳು ಒಂದರ ಪಕ್ಕದಲ್ಲೊಂದು ತಮ್ಮ ತಮ್ಮ ಸ್ಥಾನಗಳಲ್ಲಿ ಸಾಲುಗಟ್ಟಿ ನಿಂತಿವೆ. ಅವು ಎಲ್ಲಿಗೂ ಹೋಗುವುದಿಲ್ಲ.