ಮರುಸೃಷ್ಟಿಯಲ್ಲಿ ಉಳಿದದ್ದು, ಬದಲಾದದ್ದು: ಮೊದಲ ಗ್ರ್ಯಾಂಡ್ ಸೀಕೊ ಕೈಗಡಿಯಾರವನ್ನು ಕುರಿತು ಒಂದು ಟಿಪ್ಪಣಿ

ಜಪಾನಿನ ಸೀಕೊ ಸಂಸ್ಥೆ 1960ರ ಡಿಸೆಂಬರಿನಲ್ಲಿ ಹೊರತಂದ ಮೊದಲ ಗ್ರ್ಯಾಂಡ್ ಸೀಕೊ ಕೈಗಡಿಯಾರವನ್ನು 2017ರಲ್ಲಿ ಮರುಸೃಷ್ಟಿ ಎಂಬ ಹೆಸರಿನಲ್ಲಿ ಮತ್ತೆ ತಯಾರಿಸಿತು. ಹಳೆಯ ಗಡಿಯಾರಗಳ ಮರುಬಿಡುಗಡೆ ಈಗ ಹಲವು ದೊಡ್ಡ ತಯಾರಕರು ಮಾಡುವ ಕೆಲಸ. ಅದರ ಬಗ್ಗೆ ಬರುವ ಬರಹಗಳಲ್ಲಿ ಹೆಚ್ಚಿನವು ಎರಡೇ ಮಾತು ಹೇಳುತ್ತವೆ: ಹಳೆಯದರಂತೆಯೇ ಇದೆ, ಅಥವಾ ಹಳೆಯದರಂತಿಲ್ಲ. ಈ ಎರಡು ಮಾತಿನಿಂದ ತಯಾರಿಕೆಯ ಕೌಶಲ ಎಲ್ಲಿದೆ ಎಂಬುದು ತಿಳಿಯುವುದಿಲ್ಲ. ಯಾವ ಭಾಗವನ್ನು ಉಳಿಸಿದರು, ಯಾವುದನ್ನು ತಿದ್ದಿದರು, ತಿದ್ದಿದ್ದಕ್ಕೆ ಕಾರಣವೇನು ಎಂದು ಒಂದೊಂದಾಗಿ ಕೇಳಿದರೆ ಮಾತ್ರ ಕುಶಲಕರ್ಮಿಯ ಕೈ ಕಾಣಿಸುತ್ತದೆ. ನನ್ನ ವಾದ ಇಷ್ಟು: ಮರುಸೃಷ್ಟಿಯಲ್ಲಿ ಅತಿ ಕಠಿಣವಾದ ಕೆಲಸ ನಡೆಯುವುದು ಗಡಿಯಾರದ ಮುಖದಲ್ಲಿ ಮತ್ತು ಲೋಹದ ಮೈಯಲ್ಲಿ. ಒಳಗಿನ ಯಂತ್ರದ ಮಟ್ಟಿಗೆ ಇಲ್ಲಿ ಮರುಸೃಷ್ಟಿಯೇ ನಡೆದಿಲ್ಲ.

ಮೊದಲು ಮೂಲದ ವಿವರ. ಸೀಕೊದ ಸ್ಥಾಪಕ ಕಿಂತಾರೊ ಹತ್ತೊರಿ 1881ರಲ್ಲಿ ಟೋಕಿಯೊದಲ್ಲಿ ಗಡಿಯಾರದ ಅಂಗಡಿ ತೆರೆದು, 1892ರಲ್ಲಿ ಸೀಕೋಶಾ ಎಂಬ ಕಾರ್ಖಾನೆ ಕಟ್ಟಿದ. 1950ರ ದಶಕ ಮುಗಿಯುವ ಹೊತ್ತಿಗೆ ಕೈಗಡಿಯಾರ ಮಾಡುವ ಎರಡು ಮನೆಗಳು ಸೀಕೊ ಹೆಸರಿನಡಿ ಇದ್ದವು. ಟೋಕಿಯೊದ ಕಮೇಯ್ಡೊದಲ್ಲಿ ದೈನಿ ಸೀಕೋಶಾ, ನಾಗಾನೊ ಪ್ರಾಂತದ ಸರೋವರದ ಊರಾದ ಸುವಾದಲ್ಲಿ ಸುವಾ ಸೀಕೋಶಾ. ಎರಡರ ನಡುವೆ ಸಂಸ್ಥೆಯೇ ಬೆಳೆಸಿದ ಪೈಪೋಟಿ ಇತ್ತು. ಮೊದಲ ಗ್ರ್ಯಾಂಡ್ ಸೀಕೊ ಸುವಾದವರ ಕೆಲಸ. ಕೇಸಿನ ಅಡ್ಡಳತೆ ಸುಮಾರು 35 ಮಿಲಿಮೀಟರ್. ಕೇಸಿಗೆ 80 ಮೈಕ್ರಾನ್ ದಪ್ಪದ ಚಿನ್ನದ ಹೊದಿಕೆ. ಒಳಗೆ 3180 ಎಂಬ ಸಂಖ್ಯೆಯ, ಕೀ ಕೊಡುವ, 25 ಕಲ್ಲುಗಳ ಯಂತ್ರ. ಅದು ಗಂಟೆಗೆ 18,000 ಬಾರಿ ಬಡಿಯುತ್ತಿತ್ತು. ಬೆಲೆ 25,000 ಯೆನ್. ಆಗಷ್ಟೇ ಕೆಲಸಕ್ಕೆ ಸೇರಿದ ಪದವೀಧರನ ತಿಂಗಳ ಸಂಬಳದ ಸುಮಾರು ಎರಡರಷ್ಟು. ಪ್ಲಾಟಿನಂ ಕೇಸಿನವೂ ಇದ್ದವು, ಆದರೆ ಬಹಳ ಕಡಿಮೆ.

2017ರ ಆವೃತ್ತಿ ಮೂರು ಲೋಹಗಳಲ್ಲಿ ಬಂತು: ಪ್ಲಾಟಿನಂ 136, ಹಳದಿ ಚಿನ್ನ 353, ಸ್ಟೀಲು 1,960. ಪ್ಲಾಟಿನಂ ಸಂಖ್ಯೆ ಅಂಗಡಿ ತೆರೆದು ಕಳೆದ ವರ್ಷಗಳನ್ನೂ ಸ್ಟೀಲಿನ ಸಂಖ್ಯೆ ಮೂಲ ಗಡಿಯಾರ ಹುಟ್ಟಿದ ವರ್ಷವನ್ನೂ ನೆನಪಿಸುತ್ತದೆ. ಗ್ರ್ಯಾಂಡ್ ಸೀಕೊ ಸ್ವತಂತ್ರ ಬ್ರ್ಯಾಂಡಾಗಿ ಬೇರ್ಪಟ್ಟದ್ದೂ 2017ರಲ್ಲೇ.

ಇಂಥ ಕೆಲಸವನ್ನು ಅಳೆಯಲು ಕನ್ನಡದ ಓದುಗರಿಗೆ ಪರಿಚಿತವಾದ ಒಂದು ಶಾಸ್ತ್ರ ನೆರವಾಗುತ್ತದೆ: ಗ್ರಂಥಸಂಪಾದನೆ. ಓಲೆಗರಿಯ ಪ್ರತಿಗಳನ್ನು ಮುಂದಿಟ್ಟುಕೊಂಡ ಸಂಪಾದಕ ಯಾವ ಪಾಠವನ್ನು ಸ್ವೀಕರಿಸಬೇಕು, ಯಾವುದನ್ನು ಅಡಿಟಿಪ್ಪಣಿಗೆ ಇಳಿಸಬೇಕು ಎಂದು ಪ್ರತಿ ಸಾಲಿನಲ್ಲೂ ತೀರ್ಮಾನಿಸುತ್ತಾನೆ. ಮೊದಲ ಗ್ರ್ಯಾಂಡ್ ಸೀಕೊಗೂ ಪಾಠಾಂತರಗಳಿವೆ. ಡಯಲ್ ಮೇಲಿನ ಹೆಸರು ಕೆಲವದರಲ್ಲಿ ಅಚ್ಚಾಗಿದೆ, ಕೆಲವದರಲ್ಲಿ ಲೋಹದಲ್ಲಿ ಕೊರೆದದ್ದು, ಇನ್ನು ಕೆಲವದರಲ್ಲಿ ಉಬ್ಬಿದ ಅಕ್ಷರ. 2017ರವರು ಒಂದನ್ನೇ ಹಿಡಿದು ಉಳಿದವನ್ನು ಬಿಡಲಿಲ್ಲ. ಪ್ಲಾಟಿನಂ ಗಡಿಯಾರಕ್ಕೆ ಕೊರೆದ ಹೆಸರು, ಸ್ಟೀಲಿನದಕ್ಕೆ ಉಬ್ಬಿದ ಹೆಸರು ಕೊಟ್ಟರು. ಇದು ಮೂಲಪ್ರತಿಗಳನ್ನು ಎದುರಿಗಿಟ್ಟುಕೊಂಡು ನೋಡಿದವರು ಮಾತ್ರ ಮಾಡಬಹುದಾದ ತೀರ್ಮಾನ. ಸ್ಟೀಲಿನ ಆವೃತ್ತಿಯ ಬಗ್ಗೆ ಮಾತ್ರ ಒಂದು ಎಚ್ಚರಿಕೆ ಬೇಕು. 1960ರಲ್ಲಿ ಕೊಳ್ಳುವವರ ಕೈಗೆ ಬಂದ ಬಹುತೇಕ ಗಡಿಯಾರಗಳ ಬಣ್ಣ ಚಿನ್ನದ್ದು. ಇವತ್ತು ಹೆಚ್ಚು ಜನರ ಕೈಯಲ್ಲಿರುವ ಬಿಳಿಯ ಸ್ಟೀಲಿನ ಗಡಿಯಾರ ಆ ಕಾಲದ ಅಂಗಡಿಯ ಚಿತ್ರವಲ್ಲ, 2017ರ ಆಯ್ಕೆ.

ಈಗ ಅಳತೆಗೆ ಬರೋಣ. ಹೊಸ ಕೇಸಿನ ಅಡ್ಡಳತೆ 38 ಮಿಲಿಮೀಟರ್. ಹಳೆಯದಕ್ಕಿಂತ 3 ಮಿಲಿಮೀಟರ್ ಹೆಚ್ಚಷ್ಟೇ, ಆದರೆ ಮುಖದ ವಿಸ್ತೀರ್ಣ ಸುಮಾರು ಶೇಕಡ 18ರಷ್ಟು ಬೆಳೆಯುತ್ತದೆ. ನಕ್ಷೆಯನ್ನು ಯಂತ್ರದಲ್ಲಿ ಹಿಗ್ಗಿಸಿಬಿಟ್ಟರೆ ಸಾಕೆಂದು ತೋರಬಹುದು. ಹಾಗೆ ಮಾಡಿದರೆ ಗಂಟೆಯ ಗುರುತುಗಳು ದಪ್ಪನಾಗುತ್ತವೆ, ಮುಳ್ಳುಗಳು ಭಾರವಾಗಿ ಕಾಣುತ್ತವೆ, ಬೆಲ್ಟ್ ಹಿಡಿಯುವ ಲಗ್‌ಗಳು ಅಗಲವಾಗಿ ಮಣಿಕಟ್ಟಿನ ಆಚೆ ಚಾಚುತ್ತವೆ. ಎಲ್ಲವನ್ನೂ ಹಳೆಯ ಅಳತೆಯಲ್ಲೇ ಬಿಟ್ಟರೆ ದೊಡ್ಡ ಬಯಲಿನಲ್ಲಿ ಸಣ್ಣ ಗುರುತುಗಳು ಕಳೆದುಹೋಗುತ್ತವೆ. ಆದ್ದರಿಂದ ಪ್ರತಿ ಭಾಗಕ್ಕೂ ಬೇರೆ ಬೇರೆ ಪ್ರಮಾಣ ಹುಡುಕಬೇಕು. ಕಣ್ಣಿಗೆ ‘ಅದೇ ಗಡಿಯಾರ’ ಎನಿಸಬೇಕಾದರೆ ಒಂದು ಗೆರೆಯೂ ಅದೇ ಗೆರೆಯಾಗಿ ಉಳಿಯುವಂತಿಲ್ಲ. ಮರುಸೃಷ್ಟಿಯ ವಿನ್ಯಾಸಕನ ಶ್ರಮ ಬಹುಪಾಲು ಇಲ್ಲಿ ಸಲ್ಲುತ್ತದೆ. ಅಳತೆಯ ಪಟ್ಟಿಯನ್ನಷ್ಟೇ ನೋಡುವವರಿಗೆ ಇದು ಎಂದೂ ಕಾಣುವುದಿಲ್ಲ.

ಡಯಲ್ ಮೇಲಿನ ಬರಹದಲ್ಲಿ ಒಂದು ಮಹತ್ವದ ಲೋಪವಿದೆ. ಮೂಲದಲ್ಲಿ ‘ಕ್ರೋನೋಮೀಟರ್’ ಎಂಬ ಪದ ಇತ್ತು. ಅದು ಗಡಿಯಾರದ ನಿಖರತೆಗೆ ಸಂದ ಬಿರುದು. 1966ರಲ್ಲಿ ಸೀಕೊ ತನ್ನದೇ ಆದ ಗ್ರ್ಯಾಂಡ್ ಸೀಕೊ ಮಾನದಂಡವನ್ನು ರೂಪಿಸಿಕೊಂಡಿತು. ಆ ಬಿರುದಿನ ಬಳಕೆಯೂ ನಿಂತಿತು. 2017ರ ಡಯಲ್‌ನಲ್ಲಿ ಆ ಪದ ಇಲ್ಲ. ಕೆಳಗಡೆ ಕಲ್ಲುಗಳ ಸಂಖ್ಯೆಯೂ 25ರಿಂದ 24 ಆಗಿದೆ, ಒಳಗಿರುವ ಯಂತ್ರದಲ್ಲಿ ನಿಜಕ್ಕೂ ಇರುವುದು ಅಷ್ಟೇ. ಹಳೆಯ ಬರಹವನ್ನೇ ಅಚ್ಚು ಹೊಡೆದಿದ್ದರೆ ಕಣ್ಣಿಗೆ ಹೆಚ್ಚು ಹೋಲಿಕೆ ಸಿಗುತ್ತಿತ್ತು, ಆದರೆ ಡಯಲ್ ಸುಳ್ಳು ಹೇಳುತ್ತಿತ್ತು. ಈ ತಿದ್ದುಪಡಿಯನ್ನು ನಾನು ಪೂರ್ಣವಾಗಿ ಒಪ್ಪುತ್ತೇನೆ.

ಮುಳ್ಳುಗಳ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಗಂಟೆ, ನಿಮಿಷದ ಮುಳ್ಳುಗಳು ನಡುವೆ ಏಣಿರುವ ಎರಡು ಇಳಿಜಾರುಗಳ ಉದ್ದ ಎಲೆಗಳು. ವಜ್ರದ ಮೊನೆಯಿಂದ ಕತ್ತರಿಸಿದ ಆ ಇಳಿಜಾರುಗಳಲ್ಲಿ ಒಂದು ಬೆಳಕನ್ನು ಹಿಡಿದರೆ ಇನ್ನೊಂದು ನೆರಳಾಗುತ್ತದೆ. ಕತ್ತಲೆಯಲ್ಲಿ ಹೊಳೆಯುವ ಬಣ್ಣವಿಲ್ಲದ ಗಡಿಯಾರದಲ್ಲಿ ಮಬ್ಬು ಬೆಳಕಿನಲ್ಲೂ ಸಮಯ ಕಾಣುವುದು ಈ ಕಾರಣದಿಂದ. ಸ್ಟೀಲಿನ ಆವೃತ್ತಿಯ ಸೆಕೆಂಡಿನ ಮುಳ್ಳು ನೀಲಿ. ಆ ನೀಲಿ ಬಣ್ಣ ಬಳಿದದ್ದಲ್ಲ, ಉಕ್ಕನ್ನು ಕಾಯಿಸಿ ಪಡೆದದ್ದು. ಉಕ್ಕು ಬಿಸಿಯಾಗುತ್ತ ಹೋದಂತೆ ಮೇಲ್ಮೈಯಲ್ಲಿ ಅತಿ ತೆಳುವಾದ ಆಕ್ಸೈಡ್ ಪದರ ಬೆಳೆಯುತ್ತದೆ. ಪದರದ ದಪ್ಪಕ್ಕೆ ತಕ್ಕಂತೆ ಮೊದಲು ಒಣಹುಲ್ಲಿನ ಹಳದಿ, ಆಮೇಲೆ ಕಂದು, ನೇರಳೆ, ಸುಮಾರು 300 ಡಿಗ್ರಿ ಸೆಲ್ಸಿಯಸ್ ಹತ್ತಿರ ಕಡುನೀಲಿ. ಕ್ಷಣ ಮುಂಚೆ ತೆಗೆದರೆ ನೇರಳೆಯಲ್ಲೇ ನಿಲ್ಲುತ್ತದೆ, ತಡವಾದರೆ ನೀಲಿ ಪೇಲವವಾಗುತ್ತದೆ. ಮುಳ್ಳಿನ ಬುಡ ದಪ್ಪ, ತುದಿ ಕೂದಲಿನಷ್ಟು ಸಪೂರ. ಸಪೂರವಾದದ್ದು ಬೇಗ ಕಾಯುತ್ತದೆ. ಹೀಗಿರುವಾಗ ಬುಡದಿಂದ ತುದಿಯವರೆಗೆ ಒಂದೇ ನೀಲಿ ಬರಿಸುವುದು ಕಾಯಿಸುವವರ ಕಣ್ಣಿನ ತೀರ್ಮಾನ. ಅಲ್ಲದೆ ಅಂಚಿನತ್ತ ಇಳಿಯುವ ಬಾಗಿದ ಡಯಲ್ ಇದ್ದಲ್ಲಿ ಉದ್ದ ಮುಳ್ಳಿನ ತುದಿಯನ್ನೂ ಜೊತೆಗೆ ಬಾಗಿಸಬೇಕಾಗುತ್ತದೆ. ತುದಿ ಡಯಲ್‌ನಿಂದ ದೂರ ನಿಂತರೆ ಓರೆಯಾಗಿ ನೋಡಿದವರಿಗೆ ಸೆಕೆಂಡು ತಪ್ಪಾಗಿ ಓದಿಸುತ್ತದೆ.

ಕೇಸಿನ ಹೊಳಪು ಗ್ರ್ಯಾಂಡ್ ಸೀಕೊದ ಹೆಸರಿಗೇ ಅಂಟಿಕೊಂಡಿರುವ ವಿಷಯ. ಇದಕ್ಕೆ ಬಳಸುವ ಝರತ್ಸು ಎಂಬ ಪಾಲಿಶ್ ಮೂಲತಃ ಸ್ವಿಟ್ಜರ್ಲೆಂಡಿನ ಸಲಾಜ್ ಕಂಪನಿಯ ಯಂತ್ರದ ಜೊತೆ ಜಪಾನಿಗೆ ಬಂದದ್ದು. ಮಾಮೂಲಿ ಪಾಲಿಶ್‌ನಲ್ಲಿ ತಿರುಗುವ ಮೆತ್ತನೆಯ ಚಕ್ರದ ಅಂಚಿಗೆ ಲೋಹವನ್ನು ಒತ್ತುತ್ತಾರೆ. ಹೊಳಪು ಬರುತ್ತದೆ, ಆದರೆ ಮೂಲೆಗಳು ಸವೆದು ದುಂಡಾಗುತ್ತವೆ, ಸಮತಲ ಸಣ್ಣಗೆ ಅಲೆಯಾಡುತ್ತದೆ. ಝರತ್ಸುವಿನಲ್ಲಿ ತಿರುಗುವ ತಟ್ಟೆಯ ಚಪ್ಪಟೆ ಮುಖಕ್ಕೆ ಕೇಸನ್ನು ಬರಿಗೈಯಲ್ಲಿ ಹಿಡಿದು ಕೋನವನ್ನೂ ಒತ್ತಡವನ್ನೂ ಬೆರಳಿನಿಂದಲೇ ಕಾಯುತ್ತಾರೆ. ಸರಿಯಾದರೆ ಸಮತಲ ಕನ್ನಡಿಯಾಗುತ್ತದೆ, ಎರಡು ಸಮತಲಗಳು ಸೇರುವ ಅಂಚು ಚೂಪಾಗಿ ಉಳಿಯುತ್ತದೆ. ಪರೀಕ್ಷೆ ಸರಳ: ಟ್ಯೂಬ್‌ಲೈಟಿನ ಗೆರೆ ಲೋಹದಲ್ಲಿ ಬಾಗದೆ ನೇರವಾಗಿ ಬಿಂಬಿಸಬೇಕು.

ಈ ಸಮತಲಗಳನ್ನು ವಿನ್ಯಾಸದ ತತ್ವವಾಗಿ ಮೊದಲು ಯೋಚಿಸಿದವರು 1959ರಲ್ಲಿ ಸೀಕೊ ಸೇರಿದ ವಿನ್ಯಾಸಕ ತಾರೊ ತನಾಕಾ. ಅವರ ಯೋಚನೆ ಪೂರ್ಣರೂಪ ಪಡೆದದ್ದು 1967ರ 44ಜಿಎಸ್ ಎಂಬ ಗಡಿಯಾರದಲ್ಲಿ. 1960ರ ಮೊದಲ ಮಾದರಿ ಆ ತತ್ವಕ್ಕಿಂತ ಹಿಂದಿನದು, ಅದರ ಮೈಕಟ್ಟು ಇನ್ನೂ ದುಂಡಗಿನದು. ಚಿನ್ನದ ಹೊದಿಕೆಯ ಹಳೆಯ ಕೇಸಿಗೆ ಮತ್ತೆ ಮತ್ತೆ ಪಾಲಿಶ್ ಹಾಕಿದರೆ 80 ಮೈಕ್ರಾನಿನ ಪದರ ಸವೆದು ಒಳಗಿನ ಲೋಹ ಇಣುಕುತ್ತದೆ. ಅಪ್ಪಟ ಚಿನ್ನ, ಪ್ಲಾಟಿನಂ, ಸ್ಟೀಲುಗಳಿಗೆ ಆ ಭಯವಿಲ್ಲ. ಆದ್ದರಿಂದ 2017ರ ಕೇಸುಗಳ ಅಂಚು ಇವತ್ತು ನಮಗೆ ಸಿಗುವ ಹಳೆಯ ಗಡಿಯಾರಗಳಿಗಿಂತ ಹರಿತವಾಗಿದ್ದರೆ ಅಚ್ಚರಿಯಿಲ್ಲ. ಹೊಳಪು ಮೂಲಕ್ಕಿಂತ ಮೇಲಾದರೆ ಅದು ನಿಷ್ಠೆಯೇ ಎಂಬ ಪ್ರಶ್ನೆ ಏಳುತ್ತದೆ. ಮೂಲದವರು ಬಯಸಿ ಕೈಗೂಡದೆ ಹೋದ ಗುಣವನ್ನು ಈಡೇರಿಸುವುದು ನಿಷ್ಠೆಯೇ ಎಂಬುದು ನನ್ನ ಅಭಿಪ್ರಾಯ. ಮೂಲದವರು ಬಯಸದೇ ಇದ್ದ ಗುಣವನ್ನು ಸೇರಿಸುವುದು ಬೇರೆ ಮಾತು.

ಯಂತ್ರದ ವಿಷಯ ಬೇಗ ಹೇಳಿ ಮುಗಿಸಬಹುದು. ಹೊಸದರಲ್ಲಿರುವುದು 9ಎಸ್64. ಇದೂ ಕೀ ಕೊಡುವ ಯಂತ್ರವೇ, ಆದರೆ ಹಳೆಯದರ ನಕಲಲ್ಲ. ಗಂಟೆಗೆ 28,800 ಬಡಿತ, ಒಮ್ಮೆ ಕೀ ಕೊಟ್ಟರೆ 72 ಗಂಟೆ ನಡಿಗೆ. ಆರು ಭಂಗಿಗಳಲ್ಲಿ, ಮೂರು ಉಷ್ಣತೆಗಳಲ್ಲಿ, 17 ದಿನ ಪರೀಕ್ಷೆ. ದಿನಕ್ಕೆ 5 ಸೆಕೆಂಡು ಮುಂದೆ ಅಥವಾ 3 ಸೆಕೆಂಡು ಹಿಂದೆ, ಅದರೊಳಗೆ ಇರಬೇಕು. ಹಳೆಯದರ ಸೆಕೆಂಡಿನ ಮುಳ್ಳು ಸೆಕೆಂಡಿಗೆ 5 ಹೆಜ್ಜೆ ಇಡುತ್ತಿತ್ತು, ಹೊಸದು 8 ಇಡುತ್ತದೆ. ಹಿಂಬದಿ ತೆರೆಯದೆಯೂ ಮುಳ್ಳಿನ ಓಟದಿಂದಲೇ ಎರಡನ್ನೂ ಬೇರ್ಪಡಿಸಬಹುದು. ಇತಿಹಾಸದ ದೃಷ್ಟಿಯಿಂದ ಇನ್ನೊಂದು ಸಂಗತಿ ಇದಕ್ಕಿಂತ ದೊಡ್ಡದು. 9ಎಸ್ ಯಂತ್ರಗಳು ತಯಾರಾಗುವುದು ಇವಾತೆ ಪ್ರಾಂತದ ಶಿಜುಕುಇಶಿಯಲ್ಲಿ. ಆ ಕಾರ್ಖಾನೆ ದೈನಿ ಸೀಕೋಶಾದ ವಂಶದ್ದು. ಸುವಾದವರು ಹುಟ್ಟಿಸಿದ ಗಡಿಯಾರ ಪೈಪೋಟಿಯ ಮನೆಯ ಯಂತ್ರ ತೊಟ್ಟು ಮತ್ತೆ ಬಂದಿದೆ. ಹಳೆಯ ಸಂಗ್ರಾಹಕರು ಇದನ್ನು ಬಲ್ಲರು, ಪ್ರಚಾರದ ಬರಹಗಳಲ್ಲಿ ಮಾತ್ರ ಇದಕ್ಕೆ ಜಾಗ ಸಿಗುವುದು ಅಪರೂಪ.

ಬದಲಾವಣೆ ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲುವುದಿಲ್ಲ ಎಂಬುದಕ್ಕೆ ಅದೇ ಸಂಸ್ಥೆಯ ಇನ್ನೆರಡು ಉದಾಹರಣೆ ನೋಡಬಹುದು. 1965ರಲ್ಲಿ ಬಂದ ಜಪಾನಿನ ಮೊದಲ ಮುಳುಗುಗಾರರ ಗಡಿಯಾರ 62ಎಂಎಎಸ್ 150 ಮೀಟರ್ ಆಳಕ್ಕೆ ತಕ್ಕದ್ದು, ಪಕ್ಕದಲ್ಲಿ ತಿರುಗಿಸುವ ಗುಂಡಿಗೆ, ಅಂದರೆ ಕ್ರೌನ್‌ಗೆ, ತಿರುಪು ಇರಲಿಲ್ಲ. 2017ರ ಮರುಸೃಷ್ಟಿ 200 ಮೀಟರಿಗೆ ತಕ್ಕದ್ದು, ಕ್ರೌನ್ ತಿರುಪಿನದು, ಗಾಜು ನೀಲಮಣಿಯದು. ನೀರಿಗಿಳಿಯುವ ಸಲಕರಣೆಯಲ್ಲಿ ಈ ತಿದ್ದುಪಡಿಗಳು ಮೂಲದ ಉದ್ದೇಶವನ್ನೇ ಮುಂದುವರಿಸುತ್ತವೆ. ದೈನಿಯವರು 1965ರಲ್ಲಿ ಮಾಡಿದ ಕಿಂಗ್ ಸೀಕೊ ಕೆಎಸ್‌ಕೆ ಮಾದರಿಯ ಮರುಸೃಷ್ಟಿ 2021ರಲ್ಲಿ 3,000 ಸಂಖ್ಯೆಯಲ್ಲಿ ಬಂತು. ಕೀ ಕೊಡುತ್ತಿದ್ದ ಗಡಿಯಾರ ಅಲ್ಲಿ ಆಟೋಮ್ಯಾಟಿಕ್ ಆಯಿತು, 3ರ ಅಂಕಿಯ ಜಾಗದಲ್ಲಿ ತಾರೀಖಿನ ಕಿಟಕಿ ತೆರೆಯಿತು. ಕೇಸಿನ ಕೆಲಸ ಬಹಳ ಸೊಗಸಾಗಿದೆ. ಆದರೆ ಎಲ್ಲ ಗುರುತುಗಳೂ ಸಮತೂಕದಲ್ಲಿ ನಿಂತಿದ್ದ ಮುಖದಲ್ಲಿ ಕಿಟಕಿ ಕೊರೆದದ್ದು ನನ್ನ ದೃಷ್ಟಿಯಲ್ಲಿ ಅಪಪಾಠ. ಮರುವರ್ಷ ಅದೇ ಕಿಂಗ್ ಸೀಕೊ ಹೆಸರಿನಲ್ಲಿ ಬಂದ 37 ಮಿಲಿಮೀಟರಿನ ಗಡಿಯಾರಗಳಲ್ಲಿ ತಾರೀಖಿನ ಕಿಟಕಿ ಇಲ್ಲ.

ಕರ್ನಾಟಕದಲ್ಲಿ ಜಪಾನಿನ ಗಡಿಯಾರದ ಕಥೆ ಇದಕ್ಕೆ ತಿರುಗುಮುರುಗಾಗಿ ನಡೆಯಿತು. 1961ರಲ್ಲಿ ಎಚ್‌ಎಂಟಿ ಸಂಸ್ಥೆ ಜಪಾನಿನ ಸಿಟಿಜನ್ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಕೈಗಡಿಯಾರ ತಯಾರಿಸತೊಡಗಿತು. ಎಚ್‌ಎಂಟಿಯ ಜನತಾ ಎಂಬ ಮಾದರಿಯೊಳಗಿನ ಕೀ ಕೊಡುವ 17 ಕಲ್ಲುಗಳ ಯಂತ್ರ ಸಿಟಿಜನ್ ವಿನ್ಯಾಸದಿಂದ ಇಳಿದದ್ದು. ಜಪಾನಿನ ಮರುಸೃಷ್ಟಿಯಲ್ಲಿ ಹಳೆಯ ಮುಖ ಉಳಿದು ಯಂತ್ರ ಬದಲಾಯಿತು. ಇಲ್ಲಿ ಜಪಾನಿ ಮೂಲದ ಯಂತ್ರ ದಶಕಗಳ ಕಾಲ ಹಾಗೆಯೇ ಉಳಿದು ಮುಖಗಳು ಬದಲಾಗುತ್ತ ಹೋದವು: ಇಂಗ್ಲಿಷ್ ಬರಹದ ಡಯಲ್, ದೇವನಾಗರಿಯಲ್ಲಿ ಹೆಸರು ಬರೆದ ಡಯಲ್, ಬಿಳಿ, ಕಪ್ಪು. ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಕೇಂದ್ರ ಸಂಪುಟ 2016ರ ಜನವರಿಯಲ್ಲಿ ಒಪ್ಪಿಗೆ ಕೊಟ್ಟಿತು.

ಮುಂದೊಂದು ದಿನ ಜನತಾವನ್ನು ಸರಿಯಾಗಿ ಮರುಸೃಷ್ಟಿ ಮಾಡಬೇಕಾದರೆ ತಿದ್ದದ ಮೂಲಪ್ರತಿಗಳು ಬೇಕು. ಹಳೆಯ ವಾಚುಗಳ ಡಯಲ್‌ಗೆ ಹೊಸ ಬಣ್ಣ ಹೊಡೆದು, ಅಕ್ಷರಗಳನ್ನು ಮತ್ತೆ ಅಚ್ಚುಹಾಕಿ ಮಾರುವ ರೂಢಿ ನಮ್ಮಲ್ಲಿ ವ್ಯಾಪಕವಾಗಿದೆ. ಹಾಗೆ ಮಾಡಿದ ಡಯಲ್ ಸಂಶೋಧಕನಿಗೆ ಏನನ್ನೂ ಹೇಳುವುದಿಲ್ಲ. ಮನೆಯಲ್ಲಿ ಹಿರಿಯರ ಎಚ್‌ಎಂಟಿ ಇದ್ದವರಲ್ಲಿ ನನ್ನ ವಿನಂತಿ: ರಿಪೇರಿ ಮಾಡಿಸಿ, ಎಣ್ಣೆ ಹಾಕಿಸಿ, ದಿನಾ ಕೀ ಕೊಟ್ಟು ಕಟ್ಟಿಕೊಳ್ಳಿ. ಆದರೆ ಡಯಲ್ ಕಲೆಗಟ್ಟಿದ್ದರೂ ಬಣ್ಣ ಹೊಡೆಸಬೇಡಿ. ಯಾವುದಾದರೂ ಭಾಗ ಬದಲಾಯಿಸಲೇಬೇಕಾದರೆ ಹಳೆಯದನ್ನು ಕೇಳಿ ತೆಗೆದುಕೊಂಡು, ಎಂದು ಬದಲಾಯಿತೆಂದು ಒಂದು ಚೀಟಿ ಬರೆದು ಜೊತೆಗಿಡಿ.